ಹಳದಿ ದಾರದ ಸುತ್ತು

"ಇಲ್ಲೊಂದು ಕಲೆ ಇತ್ತಲ್ಲ... ಏನಾಯ್ತು?"

ಅವನು ಶರ್ಟಿನ ಕಾಲರನ್ನು ಮಗುಚಿ, ಅದರ ಒಳಮೈಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ.

ಕೌಂಟರಿನ ಈಚೆ ನಿಂತವಳು ಚೀಟಿ ಹರಿಯುತ್ತಲೇ ಹೇಳಿದಳು.

"ತೆಗೆದಿದೀನಿ."

"ಪೂರ್ತಿನಾ?"

"ಪೂರ್ತಿ. ಹಳೇ ಎಣ್ಣೆ ಕಲೆ. ಸ್ವಲ್ಪ ಹಟ ಮಾಡ್ತು, ಆಮೇಲೆ ಬಿಡ್ತು."

ಈ ಮಾತು ಕೇಳಿದರೆ ಯಾವ ಗಿರಾಕಿಯ ಮುಖವಾದರೂ ಅರಳಬೇಕು. ಅವನ ಮುಖ ಅರಳಲಿಲ್ಲ. ಸಿಟ್ಟೂ ಬರಲಿಲ್ಲ. ಮನೆಯವರೆಲ್ಲ ದೀಪ ಆರಿಸಿ ಹೊರಗೆ ಹೋದರೆ ಮನೆ ಹೇಗಿರುತ್ತದೋ, ಹಾಗಾಯಿತು ಆ ಮುಖ.

"ಹಳದಿ ದಾರ ಸುತ್ತಿದ್ದೆನಲ್ಲ..." ಎಂದ, ತನಗೇ ಹೇಳಿಕೊಳ್ಳುವಂತೆ.

"ಹೌದು. ಅದಕ್ಕೇ ಬೇಗ ಕಣ್ಣಿಗೆ ಬಿತ್ತು."

ಅವನು ಅವಳನ್ನೇ ನೋಡಿದ. ಇನ್ನೇನೋ ಹೇಳುತ್ತಾಳೆ ಎಂದು ಕಾದಂತಿತ್ತು. ಅವಳು ಮುಂದಿನ ಚೀಟಿಗೆ ಕೈ ಹಾಕಿದಳು. ಅವನು ಕಾಲರನ್ನು ಮೊದಲಿನಂತೆ ಮಡಚಿ, ಒಮ್ಮೆ ಸವರಿ, ಶರ್ಟನ್ನು ಕೌಂಟರಿನ ಮೇಲೆಯೇ ಇಟ್ಟು ಹೊರಟುಹೋದ.

ಅವಳಿಗೆ ಏನೂ ಅನ್ನಿಸಲಿಲ್ಲ. ಆ ಮುಖವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು, ಅಷ್ಟೆ. ಆಮೇಲೆ ನೆನಪಾಯಿತು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವುದು ಅದೇ ಮುಖ.

ನೇತುಹಾಕಿದ ಕೋಟುಗಳ ಸಾಲಿನ ಹಿಂದಿನಿಂದ ಚಿಕ್ಕಮ್ಮ ಬಂದಳು. ಡ್ರೈಕ್ಲೀನಿಂಗ್ ಅಂಗಡಿ ಅವಳದು. ತಾಯಿ ಹೋದ ಮೇಲೆ ಈ ಹುಡುಗಿಯನ್ನು ಸಾಕಿದವಳೂ ಅವಳೇ.

"ಏನೇ ಅದು, ಶರ್ಟು ಇಲ್ಲೇ ಬಿಟ್ಟುಹೋದ?"

"ಕಲೆ ಹೋಗಿದೆ ಅಂತ ಬೇಜಾರಾಯ್ತು."

"ಹೋಗಿದ್ದಕ್ಕಾ? ಇಷ್ಟು ವರ್ಷ ಕಲೆ ಹೋಗಿಲ್ಲ ಅಂತ ಬೈಸ್ಕೊಂಡಿದ್ದಾಯ್ತು. ಹೋಯ್ತು ಅಂತ ಬೈಸ್ಕೊಳ್ಳೋದೊಂದು ಬಾಕಿ ಇತ್ತು."

"ಬೈಯಲಿಲ್ಲ ಚಿಕ್ಕಮ್ಮ."

"ಅದು ಇನ್ನೂ ಕಷ್ಟ ಕಣೇ. ಬೈದೋರು ತಿರುಗಾ ಬರ್ತಾರೆ. ಸುಮ್ನೆ ಹೋದೋರು ಬರಲ್ಲ." ಚಿಕ್ಕಮ್ಮ ಶರ್ಟು ಎತ್ತಿ ನೋಡಿದಳು. "ಓ ಇದಾ. ನೀನು ಹೋಟೆಲಿಗೆ ಪರದೆ ಕೊಡೋಕೆ ಹೋಗಿದ್ದಾಗ ನಾನೇ ಇಸ್ಕೊಂಡಿದ್ದು. ಬೆನ್ನ ಮೇಲೆ ಬೂಷ್ಟು ಬಂದಿದೆ, ಕೈಯಲ್ಲೇ ಒರೆಸಿ, ಕಾಲರ್ ಹತ್ರ ದಾರ ಸುತ್ತಿದೀನಿ, ಅದನ್ನ ಸ್ವಲ್ಪ ನೋಡ್ಕೊಳ್ಳಿ ಅಂದ. ನೋಡ್ಕೋತೀವಪ್ಪಾ ಅಂದೆ. ನೋಡ್ಕೊಂಡ್ವಲ್ಲ ಮತ್ತೆ?"

ನೋಡಿಕೊಂಡಿದ್ದರು. ಕಲೆಯ ಸುತ್ತ ದಾರ ಓಡಿಸುವುದು ಆ ಅಂಗಡಿಯಲ್ಲಿ ಮೊದಲಿನಿಂದ ಬಂದ ಪದ್ಧತಿ. ಬಟ್ಟೆ ಒದ್ದೆಯಾದರೆ ಕಲೆ ಕಾಣುವುದಿಲ್ಲ, ಆಗ ದಾರವೇ ತೋರಿಸಿಕೊಡಬೇಕು. ದಾರದ ಸುತ್ತು ಕಂಡಿತೆಂದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಅವಳ ಕೈಯಂತೂ ಈಗ ಎಲ್ಲವನ್ನೂ ತಾನಾಗಿಯೇ ಮಾಡುತ್ತಿತ್ತು. ಅವಳು ಬೇರೆಲ್ಲೋ ಇರುತ್ತಿದ್ದಳು. ಎಲ್ಲಿ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಅಂಗಡಿಯಲ್ಲಿ ಹಾಡು ಹೇಳಿಕೊಂಡು ಇಸ್ತ್ರಿ ಮಾಡುತ್ತಿದ್ದವಳು, ಹಾಡು ತಪ್ಪಿದರೆ ತಾನೇ ನಗುತ್ತಿದ್ದವಳು. ಒಬ್ಬನನ್ನು ಮೆಚ್ಚಿದಳು, ಮದುವೆ ನೋಂದಣಿ ಕಚೇರಿಯಲ್ಲಿ ದಿನ ಗೊತ್ತಾಯಿತು. ರೇಷ್ಮೆ ಉಟ್ಟು ಬೆಂಚಿನ ಮೇಲೆ ಕೂತು ಕಾದಳು. ಅವನು ಬರಲಿಲ್ಲ. ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಚಿಕ್ಕಮ್ಮ ಅವಳ ಕೈ ಹಿಡಿದು ಎಬ್ಬಿಸಿಕೊಂಡು ಬಂದಳು. ಅಂದು ಅವಳು ಅಳಲಿಲ್ಲ. ಆಮೇಲೂ ಅಳಲಿಲ್ಲ. ಏನೋ ಒಂದು ಬಾಗಿಲು ಅವಳೊಳಗೂ ಹಾಕಿಕೊಂಡಿತು.

ಅವಳು ಮಾತಾಡುತ್ತಿದ್ದುದು ಒಂದೇ ಕಡೆ. ಫೋನಿನಲ್ಲಿ.

ಅಲ್ಲೊಂದು ಗುಂಪಿತ್ತು. ಬಟ್ಟೆಗೆ ಕಲೆಯಾದವರು ಬಂದು ಉಪಾಯ ಕೇಳುವ ಗುಂಪು. ತಮಾಷೆಗೆ ಅದಕ್ಕೆ ಕಲೆಗಾರರ ಸಂಘ ಎಂದು ಹೆಸರಿಟ್ಟಿದ್ದರು. ಸಂಘದ ನಿಯಮ ಒಂದೇ. ಯಾರೂ ತಮ್ಮ ಸ್ವಂತ ಹೆಸರು ಹೇಳುವಂತಿಲ್ಲ. ಯಾವ ಕಲೆ ಅವರನ್ನು ಅಲ್ಲಿಗೆ ಕರೆತಂದಿತೋ ಅದೇ ಅವರ ಹೆಸರು. ಹೊಸ ಪ್ಯಾಂಟು ಹಾಕಿಕೊಂಡು ಹಳೆಯ ಗೇಟಿಗೆ ಒರಗಿ ನಿದ್ದೆ ಹೋದ ಕಾವಲುಗಾರ ಅಲ್ಲಿ 'ತುಕ್ಕು ಗೇಟು'. ಸಂದರ್ಶನಕ್ಕೆ ಹೊರಡುವಾಗ ಹಲ್ಲುಜ್ಜಿ ಎಡವಟ್ಟು ಮಾಡಿಕೊಂಡ ಬ್ಯಾಂಕಿನವಳು 'ಪೇಸ್ಟ್ ಕೋಟು'. ಕಲೆ ಹೋಯಿತೆಂದರೆ, ಹೊರಡುವ ಮುನ್ನ ಆ ಹೆಸರಿನ ಹಿಂದಿನ ಕಥೆಯನ್ನು ಹೇಳಿ ಹೊರಡಬೇಕು. ಅದಕ್ಕೆ ಮೊದಲು ಯಾರೂ ಕೇಳುವಂತಿಲ್ಲ.

ಅವಳ ಹೆಸರು 'ನೀರಿನ ಕಲೆ'.

ನೀರೂ ಒಂದು ಕಲೆಯೇ ಎಂದು ಹೊಸಬರು ನಗುತ್ತಿದ್ದರು. ರೇಷ್ಮೆಯ ಮೇಲೆ ಬಿದ್ದರೆ ನೀರಿಗಿಂತ ಹಟದ ಕಲೆ ಇಲ್ಲ ಎಂದು ಅವಳು ಬರೆಯುತ್ತಿದ್ದಳು. ಕಣ್ಣೀರಿರಬೇಕು ಎಂದು ಹಳಬರು ತಮ್ಮೊಳಗೇ ತೀರ್ಮಾನ ಮಾಡಿಕೊಂಡಿದ್ದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಒಂದು ದಿನ ಆ ಗುಂಪಿಗೆ ಒಬ್ಬ ಬಂದು ವಿಚಿತ್ರ ಪ್ರಶ್ನೆ ಕೇಳಿದ. ಒಗೆದರೂ ಕಲೆ ಹೋಗದ ಹಾಗೆ ಮಾಡುವುದು ಹೇಗೆ?

ಸಂಘವೆಲ್ಲ ನಕ್ಕಿತು. ತುಕ್ಕು ಗೇಟು ಬರೆದ, "ತಮ್ಮಾ, ನೀನು ಬಾಗಿಲು ತಪ್ಪಿ ಬಂದಿದೀಯ. ಇದು ಆಸ್ಪತ್ರೆ, ನೀನು ಕಾಯಿಲೆ ಉಳಿಸ್ಕೊಡಿ ಅಂತಿದೀಯ." ಯಾವ ಕಲೆ ಎಂದು ಅವನು ಹೇಳಲಿಲ್ಲ. ಕಲೆಯೇ ಗೊತ್ತಿಲ್ಲದ ಮೇಲೆ ಹೆಸರೇನು ಇಡುವುದು? 'ಇರಲಿ' ಎಂದು ಇಟ್ಟರು.

ನಗದವಳು ಅವಳೊಬ್ಬಳೇ. ಉಪಾಯ ಹೇಳಿದಳು. ಬಿಸಿಲಿಗೆ ಹಾಕಬೇಡಿ, ಗಾಳಿಯಾಡುವ ಕಡೆ ಇಡಿ ಎಂದಳು. ಅವನು ಮರುದಿನ ಬಂದ. ಅದರ ಮರುದಿನವೂ ಬಂದ. ಕೇಳಲು ಏನೂ ಇಲ್ಲದ ದಿನ ಊಟ ಆಯಿತಾ ಎಂದು ಕೇಳಿದ. ಸೇತುವೆ ಮುಚ್ಚಿದ್ದಾರೆ, ಸುತ್ತು ಹಾಕಿ ಬಂದೆ ಎಂದು ಅವನು ಬರೆದ ದಿನ ಅವಳಿಗೆ ಗೊತ್ತಾಯಿತು, ಇಬ್ಬರದೂ ಒಂದೇ ಊರು. ಹೇಳಲಿಲ್ಲ. ಹೇಳಿದರೆ ನೋಡಲು ಬಂದಾನು, ಬಂದರೆ ಈ ಮುಖ ಕಂಡೀತು.

ಬಟ್ಟೆಗೆ ಬೂಷ್ಟು ಹಿಡಿದಿದೆ ಎಂದು ಅವನು ಹೇಳಿದಾಗ ಮಾತ್ರ, ತಮ್ಮದೇ ಅಂಗಡಿ ಎನ್ನದೆ, ಬರೆದಳು. "ಬಸ್ ಡಿಪೋ ಮೂಲೆಯಲ್ಲೊಂದು ಅಂಗಡಿ ಇದೆ. ಕೈಕೆಲಸ ಚೆನ್ನಾಗಿದೆ ಅಂತಾರೆ. ಯಾವುದನ್ನು ಮುಟ್ಟಬಾರದು ಅಂತ ಬಾಯಿಬಿಟ್ಟು ಹೇಳಿ."

ಕಲೆ ಮುಟ್ಟಬೇಡಿ ಎನ್ನುವ ಗಿರಾಕಿಗಾಗಿ ಅವಳು ಕಾದಿದ್ದಳು. ಅಂಥವನೊಬ್ಬನೂ ಬಂದಿರಲಿಲ್ಲ.

ಆ ಸಂಜೆ ಇಸ್ತ್ರಿ ಮೇಜಿನ ಮೇಲೆ ಫೋನು ಮಿನುಗಿತು. ಸಂಘದಲ್ಲಿ 'ಇರಲಿ' ಬರೆದಿದ್ದ.

"ನನ್ನ ಕಲೆ ಹೋಯಿತು. ಹೊರಡುತ್ತಿದ್ದೇನೆ."

ಹಿಂದೆಯೇ ಅಭಿನಂದನೆಗಳು ಬಂದವು. ತುಕ್ಕು ಗೇಟು ಎಲ್ಲರಿಗಿಂತ ಮುಂದು. "ಸಂಘದ ಮಾನ ಉಳೀತು ತಮ್ಮಾ. ಕಥೆ ಹೇಳಿ ಹೋಗು."

ಅವನು ಕಥೆ ಹೇಳಿದ.

ಅವನ ತಾಯಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದಳು. ಅವಳ ಬೆರಳುಗಳಲ್ಲಿ ಸದಾ ಕಪ್ಪು ಎಣ್ಣೆ. ಅವನು ಕೆಲಸದ ಸಂದರ್ಶನಕ್ಕೆ ಹೊಸ ಶರ್ಟು ಹಾಕಿ ಹೊರಟ ಬೆಳಿಗ್ಗೆ, ಕಾಲರ್ ಮಡಚಿಕೊಂಡಿದೆ ಬಾರೋ ಎಂದು ಕರೆದು ಸರಿಮಾಡಿ ಕಳಿಸಿದಳು. ಸಂಜೆ ಅವನು ವಾಪಸಾಗುವ ಹೊತ್ತಿಗೆ ಸ್ಟೂಲಿನ ಮೇಲೆ ಕೂತಲ್ಲೇ ಹೋಗಿಬಿಟ್ಟಿದ್ದಳು. ಎಷ್ಟೋ ದಿನದ ಮೇಲೆ ಒಗೆಯಲೆಂದು ಶರ್ಟು ಎತ್ತಿದಾಗ ಕಾಲರಿನ ಒಳಗೆ ಕಂಡಿತು, ಹೆಬ್ಬೆರಳ ಗುರುತು. ರೇಖೆ ರೇಖೆ ಕಾಣುವಷ್ಟು ಸ್ಪಷ್ಟ.

"ಫೋಟೋಗಳಿವೆ. ಆದರೆ ಅವು ಅವಳನ್ನು ಮುಟ್ಟಿದವಲ್ಲ. ಇದು ಅವಳು ಮುಟ್ಟಿದ್ದು. ಇಷ್ಟೇ ಕಥೆ. ಬರ್ತೀನಿ."

ತುಕ್ಕು ಗೇಟು ತಾನು ಬರೆದ ಅಭಿನಂದನೆಯನ್ನು ಅಳಿಸಿ ಹಾಕಿದ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಹಳೇ ಎಣ್ಣೆ ಕಲೆ, ಸ್ವಲ್ಪ ಹಟ ಮಾಡ್ತು... ಆ ಮಾತು ಅವಳದೇ ದನಿಯಲ್ಲಿ ಕಿವಿಗೆ ಬಂತು. ಹಟ ಮಾಡಿದ್ದು ಎಣ್ಣೆಯಲ್ಲ.

ಫೋನು ಮತ್ತೆ ಮಿನುಗಿತು. ಈ ಸಲ ಅವಳೊಬ್ಬಳಿಗೇ.

"ನೀವು ಹೇಳಿದ ಅಂಗಡಿಗೇ ಕೊಟ್ಟಿದ್ದೆ. ನಿಮ್ಮ ತಪ್ಪು ಅಂತ ಅಂದುಕೊಳ್ಳಬೇಡಿ. ಅಲ್ಲೊಬ್ಬಳಿದ್ದಾಳೆ, ಮುಖದಲ್ಲಿ ಏನೂ ಇಲ್ಲ. ಮಾಡಿದ್ದನ್ನು ಲೆಕ್ಕಕ್ಕೇ ಇಡದವಳ ಹಾಗೆ ನಿಂತಿದ್ದಳು. ಅದೇ ನನಗೆ ಜಾಸ್ತಿ ನೋವಾಗಿದ್ದು."

ಸುಟ್ಟ ವಾಸನೆ ಬಂತು.

ಇಸ್ತ್ರಿ ಪೆಟ್ಟಿಗೆ ಮೇಜಿನ ಹೊದಿಕೆಯ ಮೇಲೆ ಇಟ್ಟಲ್ಲೇ ಇತ್ತು. ಎಳೆದುಕೊಳ್ಳುವ ಗಡಿಬಿಡಿಯಲ್ಲಿ ಅಂಗೈ ತಗುಲಿತು. ನೋವಾಯಿತು. ಅವಳು ಅಂಗೈಯನ್ನೇ ನೋಡುತ್ತ ನಿಂತಳು. ತನ್ನದೇ ಎಂದು ಗುರುತು ಹಿಡಿಯುವವಳ ಹಾಗೆ.

"ಏನೇ ಸುಟ್ಟೆ?" ಚಿಕ್ಕಮ್ಮ ಓಡಿ ಬಂದಳು. "ಯಾರ ಬಟ್ಟೆ?"

"ನಮ್ಮದೇ. ಹೊದಿಕೆ."

"ಸದ್ಯ." ಚಿಕ್ಕಮ್ಮ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಆಮೇಲೆ ಮುಖ ನೋಡಿದಳು. "ಏನಾಯ್ತು ಹೇಳು."

ಅವಳು ಎಲ್ಲ ಹೇಳಿದಳು. ಚಿಕ್ಕಮ್ಮ ಕೇಳುತ್ತ ಕೇಳುತ್ತ ಬಕೆಟ್ಟಿನ ಮೇಲೆ ಕುಳಿತುಬಿಟ್ಟಳು.

"ನೋಡ್ಕೊಳ್ಳಿ ಅಂದಿದ್ದು ಅದಕ್ಕಾ... ಅಯ್ಯೋ ದೇವರೇ." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು. "ಅಂಗಡಿಯವಳು ನೀನೇ ಅಂತ ಅವನಿಗೆ ಗೊತ್ತಿಲ್ಲ?"

"ಇಲ್ಲ."

"ಹೇಳದೇ ಇದ್ರೆ?"

"ಹೀಗೇ ಮಾತಾಡ್ಕೊಂಡಿರಬಹುದು. ಅಂಗಡಿಯವಳನ್ನ ಬೈತಾನೆ, ನಾನು ಸಮಾಧಾನ ಹೇಳ್ತೀನಿ."

"ಚೆನ್ನಾಗಿದೆ ಸಂಸಾರ."

ಆಗಲೇ ಇನ್ನೊಂದು ಸಂದೇಶ ಬಂತು. ಚಿಕ್ಕಮ್ಮನೂ ಬಗ್ಗಿ ಓದಿದಳು. "ಸಂಘ ಬಿಟ್ಟೆ. ನಿಮ್ಮ ಜೊತೆ ಮಾತು ಬಿಡೋಕೆ ಮನಸ್ಸಿಲ್ಲ. ಈ ಅಂಗಡಿ ಗೊತ್ತಿದೆ ಅಂದ್ರೆ ನೀವೂ ಇದೇ ಊರಲ್ಲಿರಬೇಕು. ಒಂದು ಸಲ ಸಿಗೋಣವಾ? ಅಮ್ಮನ ಅಂಗಡಿಯನ್ನ ಈಗ ನಾನೇ ನೋಡ್ಕೋತೀನಿ. ಡಿಪೋ ಹಿಂದಿನ ಬೀದಿ."

ಹೋದರೆ ಅವನು ಕಳೆದುಹೋಗುತ್ತಾನೆ. ಹೋಗದಿದ್ದರೆ ಸುಳ್ಳಿನ ಮೇಲೆ ಉಳಿಯುತ್ತಾನೆ. ಅವಳಿಗಿದ್ದುದು ಅವನೊಬ್ಬನೇ, ಅದೂ ಒಂದು ಹೆಸರಿನಷ್ಟು.

"ನಾಳೆ ಬರ್ತೀನಿ" ಎಂದು ಬರೆದಳು. ಬಹಳ ದಿನದ ಮೇಲೆ ಅವಳ ಕೈ ಅವಳನ್ನು ಕೇಳಿ ಕೆಲಸ ಮಾಡಿತು.

ಅವನ ಅಂಗಡಿ ಉದ್ದಕ್ಕೆ, ಓಣಿಯ ಹಾಗಿತ್ತು. ಎರಡೂ ಕಡೆ ಹೊಲಿಗೆ ಯಂತ್ರಗಳು, ಕೆಲವು ಬಿಚ್ಚಿಟ್ಟವು. ಮೂಲೆಯಲ್ಲಿ ಎತ್ತರದ ಸ್ಟೂಲು, ಅದರ ಮೇಲೆ ಯಾರೂ ಇರಲಿಲ್ಲ. ಮೇಜನ್ನು ಅಂದು ಒರೆಸಿದ್ದ. ಬರುವವರಿಗೆಂದು ತಣ್ಣನೆಯ ನೀರಿನ ಲೋಟವೊಂದನ್ನು ತುಂಬಿಟ್ಟಿದ್ದ.

ಅವಳನ್ನು ಕಂಡು ಅವನ ಮುಖ ಬಿಗಿಯಾಯಿತು. ಅವಳ ಕೈಯಲ್ಲಿ ಅದೇ ಶರ್ಟು.

"ವಿಳಾಸ ಯಾರು ಕೊಟ್ರು ನಿಮಗೆ? ಅದು ಬೇಡ ಅಂತಲೇ ಬಿಟ್ಟು ಬಂದಿದ್ದು."

"ಗೊತ್ತು."

"ಈಗ ಒಬ್ಬರು ಬರೋರಿದಾರೆ. ಆಮೇಲೆ ಯಾವಾಗಾದ್ರೂ ಮಾತಾಡೋಣ."

"ಅವರು ಬಂದಿದ್ದಾರೆ" ಎಂದಳು.

ಅವನು ಅವಳ ಹಿಂದೆ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಅವಳನ್ನು ನೋಡಿದ. ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"...ನೀರಿನ ಕಲೆ?"

ಅವಳು ತಲೆಯಾಡಿಸಿದಳು.

"ಆ ಅಂಗಡಿ ನಮ್ಮದು. ತೆಗೆದಿದ್ದು ಈ ಕೈ. ಅವಳ ಮುಖದಲ್ಲಿ ಏನೂ ಇಲ್ಲ ಅಂದ್ರಲ್ಲ, ಅದೂ ನಿಜ. ಕ್ಷಮಿಸಿ ಅಂತ ನಿನ್ನೆನೇ ಅನ್ನಬೇಕಿತ್ತು. ಅನ್ನಬೇಕು ಅಂತ ಹೊಳೀಲೇ ಇಲ್ಲ. ಅದಕ್ಕೇ ಬಂದೆ."

ಅವನು ಏನು ಮಾಡಬೇಕೆಂದು ತಿಳಿಯದೆ, ಮನೆಗೆ ಬಂದವರಿಗೆ ಮಾಡುವುದನ್ನೇ ಮಾಡಿದ. ಲೋಟ ತೆಗೆದು ಅವಳ ಕೈಗಿತ್ತ.

ಅವಳು ಶರ್ಟನ್ನು ಮೇಜಿನ ಮೇಲಿಟ್ಟು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಕುಡಿಯಲಿಲ್ಲ. ಲೋಟದ ಹೊರಮೈ ಬೆವರಿ ಒಂದೊಂದೇ ಹನಿ ಜಾರಿತು.

"ಕುಡೀರಿ."

"ಆಗಲ್ಲ." ಅವಳು ಲೋಟವನ್ನೇ ನೋಡುತ್ತ ಮಾತಾಡಿದಳು. "ಎಲ್ಲರೂ ಕಣ್ಣೀರು ಅಂದ್ಕೊಂಡಿದ್ದಾರೆ. ಅಲ್ಲ. ಮದುವೆಗೆ ಅಂತ ಹೋಗಿ ಕೂತಿದ್ದೆ. ಚಿಕ್ಕಮ್ಮ ಒಂದು ಲೋಟ ನೀರು ಕೊಟ್ಟರು. ಅವನು ಬಂದ ಮೇಲೆ ಕುಡಿಯೋಣ ಅಂತ ತೊಡೆ ಮೇಲೆ ಇಟ್ಕೊಂಡೆ. ಸಂಜೆವರೆಗೂ ಹಿಡ್ಕೊಂಡೇ ಇದ್ದೆ. ಎದ್ದಾಗ ರೇಷ್ಮೆ ಮೇಲೆ ದುಂಡಗೆ ಒಂದು ಗುರುತು. ಅಳಲೂ ಇಲ್ಲ ನಾನು. ಲೋಟ ಹಿಡ್ಕೊಂಡಿದ್ದೆ, ಅಷ್ಟೇ."

"ತೆಗೆಯೋಕೆ ಬರಲ್ವಾ ಅದು?"

"ಬರತ್ತೆ. ಬಟ್ಟೆ ಪೂರ್ತಿ ಒದ್ದೆ ಮಾಡಬೇಕು. ಅಂಚಿಂದ ಅಂಚಿಗೆ. ಕಲೆ ಇರೋ ಜಾಗ ಮಾತ್ರ ನೆನೆಸಿದ್ರೆ ಅದು ಇನ್ನೂ ದೊಡ್ಡದಾಗತ್ತೆ." ಅವಳು ನಿಲ್ಲಿಸಿದಳು. "ಧೈರ್ಯ ಆಗಲಿಲ್ಲ."

ಅವನು ಹತ್ತಿರ ಬಂದ. ಅವಳ ಕೈಯಿಂದ ಲೋಟ ತೆಗೆದುಕೊಂಡು ಮೇಜಿನ ಮೇಲಿಟ್ಟ.

"ಕೆಳಗಿಟ್ಟಾಯ್ತು" ಎಂದ ಮೆಲ್ಲಗೆ. "ಹಿಡ್ಕೊಂಡೇ ಇರಬೇಕಾಗಿಲ್ಲ."

ಖಾಲಿ ಕೈಗಳು ಹಾಗೇ ಗಾಳಿಯಲ್ಲಿ ಉಳಿದವು. ಆಗ ಬಂತು ಅಳು. ಸದ್ದಿಲ್ಲದೆ ಬಂತು, ನಿಲ್ಲಲಿಲ್ಲ. ಅವನು ಸುಮ್ಮನಿರಿ ಅನ್ನಲಿಲ್ಲ. ಸ್ಟೂಲನ್ನು ಎಳೆದು ಹಾಕಿದ. ಯಾರನ್ನೂ ಕೂರಿಸದ ಸ್ಟೂಲು ಅದು. ಅವಳು ಕುಳಿತಳು.

ಅತ್ತು ಮುಗಿದ ಮೇಲೆ ಕಣ್ಣು ಒರೆಸಿ ಸುತ್ತ ನೋಡಿದಳು. ಎದುರಿಗೆ ಬಿಚ್ಚಿಟ್ಟ ಯಂತ್ರದ ಒಂದು ತಿರುಪಿನ ಸುತ್ತ ಹಳದಿ ಸೀಮೆಸುಣ್ಣದ ಗೆರೆ ಇತ್ತು. ಪಕ್ಕದ್ದರಲ್ಲೂ ಇತ್ತು.

"ಇದೇನು?"

"ಅಮ್ಮನ ಪದ್ಧತಿ. ಸರಿಯಾಗಿ ಕೂತಿರೋ ತಿರುಪು, ಇದಕ್ಕೆ ಕೈ ಹಾಕಬೇಡ ಅಂತ ಗುರುತು."

ಅವಳು ಬಹಳ ಹೊತ್ತು ಆ ಗೆರೆಯನ್ನು ನೋಡಿದಳು.

"ನಮ್ಮಲ್ಲಿ ಸುತ್ತು ಹಾಕಿದ್ರೆ, ಮೊದಲು ಇದಕ್ಕೆ ಕೈ ಹಾಕು ಅಂತ."

ಅವನಿಗೂ ಈಗ ಅರ್ಥವಾಯಿತು. ಉಸಿರು ಬಿಟ್ಟ. "ಬಾಯಿಬಿಟ್ಟು ಹೇಳಿ ಅಂತ ನೀವು ಬರೆದಿದ್ರಿ. ಅಮ್ಮನ ಕಥೆ ಹೇಳಬೇಕಾಗತ್ತೆ ಅಂತ ನಾಚಿಕೆಯಾಗಿ ದಾರ ಓಡಿಸಿ ಕೊಟ್ಟೆ."

ಅವಳು ಮೇಜಿನ ಮೇಲಿದ್ದ ಶರ್ಟನ್ನು ಬಿಡಿಸಿ ಕಾಲರ್ ಮಗುಚಿದಳು.

"ಒಂದು ಮಾತು ಹೇಳ್ಲಾ? ನಮ್ಮ ಕಸುಬಿಗೆ ಅವಮಾನದ ಮಾತು. ಹಳೇ ಎಣ್ಣೆ ಪೂರ್ತಿ ಹೋಗೋದು ಅಪರೂಪ. ಕಣ್ಣಿಗೆ ಕಾಣಲ್ಲ ಅಷ್ಟೇ, ನೂಲಿನ ಒಳಗೆ ಉಳ್ಕೊಂಡಿರತ್ತೆ. ಎಷ್ಟೋ ಕಾಲದ ಮೇಲೆ ಹಳದಿಯಾಗಿ ಮೇಲೆ ಬರತ್ತೆ. ಕಲೆ ವಾಪಸು ಬಂತು ಅಂತ ಜನ ಬಂದು ಜಗಳ ಆಡ್ತಾರೆ."

ಅವನು ನಂಬದವನ ಹಾಗೆ ನೋಡಿದ.

"ರೇಖೆ ಬರಲ್ಲ. ಸುಳ್ಳು ಹೇಳಲ್ಲ ನಾನು. ಹೆಬ್ಬೆರಳಿನಷ್ಟು ಅಗಲ ಒಂದು ನೆರಳು ಬರಬಹುದು. ಬರದೆಯೂ ಇರಬಹುದು."

"ಯಾವಾಗ?"

"ಹೇಳೋಕಾಗಲ್ಲ. ಆಗಾಗ ತೆಗೆದು ನೋಡ್ತಿರಬೇಕು. ಗೊತ್ತಿರೋರ ಕಣ್ಣು ಬೇಕು ಅದಕ್ಕೆ."

ಅವನು ಶರ್ಟನ್ನು ತೆಗೆದುಕೊಳ್ಳಲಿಲ್ಲ. ಅವಳ ಕೈಯಲ್ಲೇ ಬಿಟ್ಟ.

"ಕಲೆ ಹೇಗೆ ಉಳಿಸೋದು ಅಂತ ಒಂದು ಸಲ ಕೇಳಿದ್ರೆ ಸಾಕಿತ್ತು" ಎಂದ. "ದಿನಾ ಯಾಕೆ ಬರ್ತೀರಿ ಅಂತ ನೀವು ಕೇಳಲೇ ಇಲ್ಲ."

"ಸಂಘದ ನಿಯಮ. ಕೇಳೋ ಹಾಗಿಲ್ಲ."

"ನಾನು ಸಂಘ ಬಿಟ್ಟಾಯ್ತು."

ಅವಳು ತಲೆ ತಗ್ಗಿಸಿದಳು. ಸುಟ್ಟ ಅಂಗೈ ಅವನಿಗೆ ಕಂಡಿತು. ಏನಿದು ಎಂದು ಮಣಿಕಟ್ಟು ಹಿಡಿದು ತಿರುಗಿಸಿದ. ಬಿಟ್ಟಾಗ ಅವಳ ಅಂಗಿಯ ತೋಳಿನ ತುದಿಯಲ್ಲಿ ಕಪ್ಪಗೆ ಹೆಬ್ಬೆರಳ ಗುರುತು ಮೂಡಿತ್ತು.

"ಛೆ... ಎಣ್ಣೆ ಕೈ. ಬಟ್ಟೆ ಕೆಡಿಸಿದೆ."

ಅವಳು ಅದನ್ನು ನೋಡಿದಳು. ಅವಳ ಕೈ ತಾನಾಗಿ ಒರೆಸಲು ಹೋಗಲಿಲ್ಲ.

"ಇರಲಿ" ಎಂದಳು.

ಆ ಶರ್ಟು ಈಗ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕಿಟಕಿಯ ಬಳಿ ನೇತಾಡುತ್ತದೆ. ಅವನು ಅಂಗಡಿ ಮುಚ್ಚಿ ಸಂಜೆ ಸಂಜೆಗೆ ಬರುತ್ತಾನೆ. ಇಬ್ಬರೂ ಕಾಲರ್ ಮಗುಚಿ ಬೆಳಕಿಗೆ ಹಿಡಿಯುತ್ತಾರೆ.

"ಊರಿನ ಜನ ಕಲೆ ಬಂತು ಅಂತ ಬಾಯಿ ಬಡ್ಕೋತಾರೆ" ಎಂದು ಚಿಕ್ಕಮ್ಮ ಕೋಟುಗಳ ಹಿಂದಿನಿಂದ ಗೊಣಗುತ್ತಾಳೆ. "ಇವರಿಬ್ಬರು ಅದು ಬರಲಿ ಅಂತ ದಾರಿ ಕಾಯ್ತಾ ಕೂತಿದ್ದಾರೆ."

ಮೊನ್ನೆ ಒಂದು ಸಂಜೆ ಅವನು ಹೇಳಿದ.

"ನಾನು ದಿನಾ ಇಲ್ಲಿವರೆಗೆ ಬಂದು ನೋಡೋ ಬದಲು, ಶರ್ಟು ನಮ್ಮನೇಲಿದ್ರೆ ಸುಲಭ ಅಲ್ವಾ?"

"ಶರ್ಟೊಂದೇನಾ?"

"ಗೊತ್ತಿರೋರ ಕಣ್ಣು ಬೇಕು ಅಂದಿದ್ರಿ."

ಅವಳು ಕಾಲರನ್ನು ಇನ್ನಷ್ಟು ಕಿಟಕಿಯ ಹತ್ತಿರ ಹಿಡಿದಳು. ತುಟಿಯ ಅಂಚಿನಲ್ಲಿ ಏನೋ ಅಲ್ಲಾಡಿತು. ಮೊದಲಿನ ನಗುವಲ್ಲ, ಅದರ ನೆರಳು.

"ಬಂತಾ?" ಎಂದು ಅವನು ಕೇಳಿದ. ಅವನು ನೋಡುತ್ತಿದ್ದುದು ಕಾಲರನ್ನಲ್ಲ.

"ಬರ್ತಾ ಇದೆ" ಎಂದಳು.